ಬ್ರೇಕ್ ಡ್ರಮ್ಮಿನ ತುಕ್ಕು: ನಿವಾರಣೆ ಮತ್ತು ಸಂರಕ್ಷಣೆ

ಬಳ್ಳಾರಿ ಜಿಲ್ಲೆಗೂ ಕಬ್ಬಿಣಕ್ಕೂ ಇರುವ ನಂಟು ಹೊಸದಲ್ಲ. ಸಂಡೂರಿನ ಬೆಟ್ಟಗಳ ಕೆಂಪು ಬಣ್ಣವೇ ಅದಕ್ಕೆ ಸಾಕ್ಷಿ. ಅಲ್ಲಿ ದೊರೆಯುವ ಹೆಮಟೈಟ್ ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಕುಲುಮೆಯಲ್ಲಿ ಅಪಾರ ಶಾಖವನ್ನು ವ್ಯಯಿಸಿ, ಇಂಗಾಲದ ಸಹಾಯದಿಂದ ಆ ಆಮ್ಲಜನಕವನ್ನು ಬೇರ್ಪಡಿಸಿದಾಗ ಕಬ್ಬಿಣ ಲಭಿಸುತ್ತದೆ. ಗಾಳಿ ಮತ್ತು ನೀರಿನ ಸಂಪರ್ಕ ಒದಗಿದೊಡನೆ ಅದೇ ಕಬ್ಬಿಣ ಮತ್ತೆ ಆಮ್ಲಜನಕವನ್ನು ಕೂಡಿಕೊಂಡು ಕೆಂಪು ಪುಡಿಯಾಗತೊಡಗುತ್ತದೆ. ಆದುದರಿಂದ ತುಕ್ಕು ಎಂಬುದು ಕಬ್ಬಿಣವು ತಾನು ಬಂದ ಅದಿರಿನ ಸ್ಥಿತಿಗೆ ಹಿಂದಿರುಗುವ ಸಹಜ ಕ್ರಿಯೆ.

ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನವಸತಿಯಿತ್ತೆಂಬುದನ್ನು ಡಾ. ಎಂ. ಎಸ್. ನಾಗರಾಜರಾವ್ ಅವರ ಉತ್ಖನನವು ಬೆಳಕಿಗೆ ತಂದಿತು. ಅದರ ವರದಿ 1965ರಲ್ಲಿ ಪ್ರಕಟವಾಯಿತು. ಆ ಜನರ ಕಾಲದ ಕಲ್ಲಿನ ಕೊಡಲಿಗಳು ಸಹಸ್ರಾರು ವರ್ಷ ಮಣ್ಣಿನಲ್ಲಿದ್ದರೂ ಅಳಿಯಲಿಲ್ಲ. ಕಬ್ಬಿಣಕ್ಕೆ ಅಂತಹ ಬಾಳಿಕೆಯಿಲ್ಲ. ಅದನ್ನು ಬಳಸುವವರು ಅದರ ಪಾಲನೆಯನ್ನೂ ಅರಿತಿರಬೇಕು. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳ ನೀರು ಬಂದ ಮೇಲೆ ಸಿರುಗುಪ್ಪ ತಾಲ್ಲೂಕು ಭತ್ತದ ನಾಡಾಗಿ ಹೆಸರಾಯಿತು. ಗದ್ದೆಗೆ ಗೊಬ್ಬರ, ಗಿರಣಿಗೆ ಭತ್ತ, ಶಾಲೆಗೆ ಮಕ್ಕಳು ಎಲ್ಲವೂ ಈಗ ಸಾಗುವುದು ಮೋಟಾರು ವಾಹನಗಳಲ್ಲಿಯೇ. ಆ ವಾಹನಗಳಲ್ಲಿ ಪ್ರಾಣರಕ್ಷಣೆಗೆ ನೇರವಾಗಿ ಸಂಬಂಧಿಸಿದ, ಆದರೆ ಕಣ್ಣಿಗೆ ಬೀಳದ ಒಂದು ಭಾಗವೆಂದರೆ ಬ್ರೇಕ್ ಡ್ರಮ್.

ಡ್ರಮ್ಮಿನ ಕಾರ್ಯ

ಡ್ರಮ್ ಬ್ರೇಕನ್ನು ಮೋಟಾರಿಗೆ ಯಶಸ್ವಿಯಾಗಿ ಅಳವಡಿಸಿದ ಕೀರ್ತಿ ಫ್ರಾನ್ಸಿನ ಲೂಯಿ ರೆನೋ ಅವರಿಗೆ ಸಲ್ಲುತ್ತದೆ. ಅದು ನಡೆದುದು 1902ರಲ್ಲಿ. ಡ್ರಮ್ ಚಕ್ರದೊಡನೆ ತಿರುಗುವ ಬೀಡು ಕಬ್ಬಿಣದ ಬೋಗುಣಿ. ಅದರೊಳಗೆ ತಿರುಗದೆ ನಿಂತಿರುವ, ಬಿಲ್ಲಿನಂತೆ ಬಾಗಿದ ಎರಡು ಬ್ರೇಕ್ ಶೂಗಳಿರುತ್ತವೆ. ಚಾಲಕನು ಪೆಡಲನ್ನು ಒತ್ತಿದಾಗ ಈ ಶೂಗಳು ಅಗಲಿ, ತಮ್ಮ ಮೇಲಿನ ಲೈನಿಂಗನ್ನು ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ. ವಾಹನದ ಚಲನಶಕ್ತಿಯೆಲ್ಲ ಘರ್ಷಣೆಯ ಮೂಲಕ ಉಷ್ಣವಾಗಿ ಮಾರ್ಪಡುತ್ತದೆ.

ಆ ಉಷ್ಣದ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 5,000 ಕಿಲೋಗ್ರಾಂ ತೂಕದ ಬಸ್ಸೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 7 ಲಕ್ಷ ಜೂಲ್. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಒಮ್ಮೆ ಬಸ್ಸು ನಿಂತಾಗ ಈ ಶಾಖದ ಬಹುಪಾಲನ್ನು ಡ್ರಮ್ಮುಗಳೇ ಕೆಲವು ಕ್ಷಣಗಳಲ್ಲಿ ನುಂಗಿಕೊಳ್ಳಬೇಕು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಡ್ರಮ್ಮಿನ ಗೋಡೆಗೆ ನಿಯತವಾದ ದಪ್ಪವಿರಬೇಕು. ತುಕ್ಕು ತಿಂದು ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಬಿರಿಯಲೂಬಹುದು.

ತುಕ್ಕಿನ ಕಾರಣಗಳು

ಡ್ರಮ್ಮಿನ ಒಳಮೈಗೆ ಬಣ್ಣವಾಗಲಿ ಎಣ್ಣೆಯಾಗಲಿ ಹಚ್ಚುವಂತಿಲ್ಲ. ಹಚ್ಚಿದರೆ ಘರ್ಷಣೆಯೇ ಇಲ್ಲವಾಗುತ್ತದೆ. ಹೀಗಾಗಿ ಅದು ಸದಾ ಬರಿಮೈ. ನಿತ್ಯ ಓಡುವ ವಾಹನದಲ್ಲಿ ಶೂಗಳ ಉಜ್ಜುವಿಕೆಯಿಂದಲೇ ಒಳಮೈ ಬೆಳ್ಳಗೆ ಹೊಳೆಯುತ್ತಿರುತ್ತದೆ. ನಿಂತ ವಾಹನಕ್ಕೆ ಈ ರಕ್ಷಣೆಯಿಲ್ಲ. ಕೆಸರುಗದ್ದೆಯ ಬದಿಯಲ್ಲಿ ಓಡಾಡಿದ ವಾಹನವನ್ನು ತೊಳೆಯದೆ ನಿಲ್ಲಿಸಿದರೆ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಲವಣವು ತುಕ್ಕನ್ನು ಮತ್ತಷ್ಟು ತ್ವರೆಗೊಳಿಸುತ್ತದೆ. ಬೇಸಗೆಯ ರಜೆಯಲ್ಲೆಲ್ಲ ಬಯಲಿನಲ್ಲಿ ನಿಂತು, ಮುಂಗಾರಿನ ಮೊದಲ ಮಳೆಗೆ ನೆನೆದು, ಶಾಲೆ ತೆರೆದ ದಿನವೇ ಮಕ್ಕಳನ್ನು ಹೊತ್ತು ಹೊರಡುವ ಬಸ್ಸಿನ ಬ್ರೇಕು ವಿಶೇಷ ಪರೀಕ್ಷೆಗೆ ಅರ್ಹವಾದುದು. ಕೈಬ್ರೇಕನ್ನು ಎಳೆದು ಬಹುದಿನ ನಿಲ್ಲಿಸಿದಲ್ಲಿ ಲೈನಿಂಗು ತುಕ್ಕಿನ ಮೂಲಕ ಡ್ರಮ್ಮಿಗೆ ಅಂಟಿಕೊಳ್ಳುವುದೂ ಉಂಟು.

ಬಿಚ್ಚುವ ಕ್ರಮ

ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಗಟ್ಟಿಯಾದ ಆಧಾರದ ಮೇಲೆ ಕೂರಿಸಬೇಕು. ಬರೀ ಜಾಕನ್ನು ನಂಬಿ ಕೆಲಸ ಮಾಡುವುದು ಅಪಾಯಕರ. ಅನಂತರ ಕೈಬ್ರೇಕನ್ನು ಸಡಿಲಿಸಬೇಕು. ಡ್ರಮ್ ಬಾರದಿದ್ದಲ್ಲಿ ಸುತ್ತಿಗೆಯಿಂದ ಬಡಿದು ಎಬ್ಬಿಸುವುದು ಸಲ್ಲದು. ಬೀಡು ಕಬ್ಬಿಣ ಗಡಸಾದರೂ ಪೆಟ್ಟಿಗೆ ಬಿರಿಯುವ ಗುಣವುಳ್ಳದ್ದು. ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆಯಿರುವ ಎರಡು ರಂಧ್ರಗಳಿರುತ್ತವೆ. ಅವುಗಳಲ್ಲಿ ಬೋಲ್ಟುಗಳನ್ನು ಸಮವಾಗಿ ತಿರುಗಿಸುತ್ತ ಹೋದರೆ ಡ್ರಮ್ ತಾನಾಗಿಯೇ ಹೊರಸರಿಯುತ್ತದೆ.

ಒಳಗಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಪಂಪಿನಿಂದಾಗಲಿ ಊದಕೂಡದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಮಾರಕ ರೋಗಗಳಿಗೆ ಕಾರಣವಾಗಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯುವುದೇ ಕ್ಷೇಮಕರ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ತಿಳಿಸಬೇಕಾದ ಪಾಠವಿದು.

ಒಳಮೈಯ ಶುದ್ಧಿ

ಮೊದಲು ಅಳತೆ, ಆಮೇಲೆ ಉಜ್ಜುವಿಕೆ. ಡ್ರಮ್ಮಿನ ಮೇಲೆಯೇ ಅದರ ಗರಿಷ್ಠ ಒಳವ್ಯಾಸವನ್ನು ಸಾಮಾನ್ಯವಾಗಿ ಎರಕದಲ್ಲಿ ಅಚ್ಚೊತ್ತಿರುತ್ತಾರೆ. ಉದಾಹರಣೆಗೆ, 180 ಮಿಲಿಮೀಟರ್ ಮೂಲವ್ಯಾಸದ ಡ್ರಮ್ಮಿಗೆ 182 ಮಿಲಿಮೀಟರ್ ಮಿತಿಯಿದ್ದರೆ, ಸವೆತಕ್ಕೂ ಲೇತಿನ ಕಡೆತಕ್ಕೂ ಸೇರಿ ಪ್ರತಿ ಬದಿಗೆ ಒಂದೇ ಮಿಲಿಮೀಟರಿನ ಅವಕಾಶ. ಈ ಮಿತಿ ಮೀರಿದ ಡ್ರಮ್ ಎಷ್ಟೇ ಹೊಳೆದರೂ ಗುಜರಿಗೇ ಯೋಗ್ಯ. ಬಿರುಕುಳ್ಳ ಡ್ರಮ್ಮಿಗೂ ಇದೇ ಗತಿ. ಬೆಸುಗೆ ಹಾಕಿ ಬಳಸುವುದು ತರವಲ್ಲ.

ಹೊಗೆಬಣ್ಣದಷ್ಟು ತೆಳುವಾದ ತುಕ್ಕನ್ನು ಉಪ್ಪುಕಾಗದದಿಂದ ತೆಗೆಯಬಹುದು. ಅದು ಆಳವಾಗಿ ತಿಂದು ಕುಳಿಗಳನ್ನುಂಟುಮಾಡಿದ್ದರೆ ಕೈಗೆಲಸ ಸಾಲದು. ಅನುಭವಿಯಾದ ಲೇತ್ ಕೆಲಸಗಾರನು ಮಿತಿಯೊಳಗೆ ಸಮವಾಗಿ ಕಡೆದು ಕೊಡಬೇಕು. ಅಂಚಿನಲ್ಲಿ ಶೂ ತಾಗದ ಕಡೆ ತುಕ್ಕು ಏಣಾಗಿ ನಿಲ್ಲುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಮುಂದಿನ ಸಲ ಡ್ರಮ್ ಬಿಚ್ಚುವುದು ಕಷ್ಟವಾಗುತ್ತದೆ. ಕೊನೆಯಲ್ಲಿ ಸೋಪಿನ ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿ, ಜೋಡಣೆಯವರೆಗೆ ಕೈಜಿಡ್ಡು ಸೋಕದಂತೆ ನೋಡಿಕೊಳ್ಳಬೇಕು.

ಹೊರಮೈಯ ತುಕ್ಕು

ಹೊರಮೈಯ ದಪ್ಪ ಪದರನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆ ಉಳಿದ ತುಕ್ಕಿಗೆ ಎರಡು ಮಾರ್ಗಗಳಿವೆ. ಮೊದಲನೆಯದು ದುರ್ಬಲ ಆಮ್ಲ. ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿಟ್ಟರೆ ತುಕ್ಕು ಕರಗುತ್ತದೆ. ಹುಣಸೆಹಣ್ಣಿನಿಂದ ತಾಮ್ರದ ಪಾತ್ರೆ ಬೆಳಗುವ ಗೃಹಿಣಿಯರಿಗೆ ಈ ತತ್ತ್ವ ಅಪರಿಚಿತವಲ್ಲ. ಆಗಾಗ ನೋಡುತ್ತಿರಬೇಕು, ತುಕ್ಕು ಮುಗಿದ ಮೇಲೆ ಆಮ್ಲ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ತೀವ್ರವಾದ ಹೈಡ್ರೋಕ್ಲೋರಿಕ್ ಆಮ್ಲ ವೇಗವಾಗಿ ಕೆಲಸ ಮಾಡುವುದಾದರೂ ಅದರ ಹೊಗೆ ಕಣ್ಣು, ಗಂಟಲುಗಳನ್ನು ಸುಡುತ್ತದೆ. ಬೀಡು ಕಬ್ಬಿಣದ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಮರುದಿನವೇ ಹೊಸ ತುಕ್ಕನ್ನು ತರುತ್ತದೆ. ಅದನ್ನು ಬಿಡುವುದೇ ಲೇಸು.

ಎರಡನೆಯದು ವಿದ್ಯುದ್ವಿಶ್ಲೇಷಣೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರು ನೀರಿಗೆ ಒಂದು ಚಮಚದಂತೆ ಬಟ್ಟೆಸೋಡಾ ಕರಗಿಸಿ, ಡ್ರಮ್ಮನ್ನು ಮುಳುಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣತಂತಿಯನ್ನು ಡ್ರಮ್ಮಿಗೂ, ಧನತಂತಿಯನ್ನು ಅದಕ್ಕೆ ತಾಗದಂತೆ ನಿಲ್ಲಿಸಿದ ಗುಜರಿ ಕಬ್ಬಿಣದ ತುಂಡಿಗೂ ಜೋಡಿಸಬೇಕು. ತುಕ್ಕು ಸಡಿಲವಾಗಿ ಕಳಚುತ್ತದೆ. ಒಳ್ಳೆಯ ಲೋಹಕ್ಕೆ ಹಾನಿಯಿಲ್ಲ. ಆಗ ಹೊರಡುವ ಜಲಜನಕ ಉರಿಯುವ ಅನಿಲವಾದುದರಿಂದ ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿಯೇ ನಡೆಯಬೇಕು. ಸೋಡಾದ ಬದಲು ಅಡಿಗೆ ಉಪ್ಪನ್ನು ಬಳಸಿದರೆ ವಿಷಕಾರಿ ಕ್ಲೋರಿನ್ ಹುಟ್ಟಬಹುದು. ಧನಾಗ್ರಕ್ಕೆ ಸ್ಟೇನ್‌ಲೆಸ್ ಉಕ್ಕನ್ನು ಕಟ್ಟಿದರೆ ಕ್ರೋಮಿಯಮ್ಮಿನ ವಿಷಸಂಯುಕ್ತಗಳು ನೀರಿಗೆ ಸೇರುತ್ತವೆ. ಅನೇಕ ಮೋಟಾರ್ ಸೈಕಲ್ಲುಗಳ ಡ್ರಮ್ಮಿನ ಹೊರಭಾಗ ಅಲ್ಯುಮಿನಿಯಮ್ಮಿನದಾಗಿದ್ದು, ಸೋಡಾ ಅದನ್ನು ತಿನ್ನುತ್ತದೆ. ಅವುಗಳಿಗೆ ಈ ವಿಧಾನ ಹೊಂದದು.

ಬಣ್ಣ ಮತ್ತು ಜೋಡಣೆ

ತೊಳೆದ ಕಬ್ಬಿಣ ಗಾಳಿಯಲ್ಲೇ ಕೆಂಪಾಗಬಲ್ಲುದಾದ್ದರಿಂದ ಕೂಡಲೆ ಒಣಗಿಸಿ, ಅದೇ ದಿನ ಬಣ್ಣ ಬಳಿಯಬೇಕು. ಸಾಧಾರಣ ಎನಾಮೆಲ್ ಬಣ್ಣ ಬ್ರೇಕಿನ ಕಾವಿಗೆ ಹೊಗೆಯಾಡಿ ಸುಲಿದುಹೋಗುತ್ತದೆ. ಶಾಖ ತಾಳುವ ಬಣ್ಣವನ್ನೇ ಕೊಂಡು, ತೆಳುವಾಗಿ ಎರಡು ಸಲ ಹಚ್ಚಿದರೆ ಸಾಕು. ದಪ್ಪ ಲೇಪನವು ಶಾಖ ಹೊರಹೋಗುವುದಕ್ಕೆ ತಡೆ. ಬಣ್ಣ ಬಳಿಯುವ ಮುನ್ನ ಮೂರು ಜಾಗಗಳನ್ನು ಕಾಗದ ಅಂಟಿಸಿ ಮುಚ್ಚಬೇಕು: ಲೈನಿಂಗು ಉಜ್ಜುವ ಒಳಮೈ, ಹಬ್ಬಿನ ಮೇಲೆ ಕೂರುವ ಭಾಗ, ಚಕ್ರ ಒತ್ತಿ ನಿಲ್ಲುವ ಮುಖ. ಮೂರನೆಯದನ್ನು ಅನೇಕರು ಮರೆಯುತ್ತಾರೆ. ಚಕ್ರದ ಕೆಳಗೆ ಸಿಕ್ಕ ಬಣ್ಣದ ಪದರು ಕ್ರಮೇಣ ಜಜ್ಜಿ ತೆಳುವಾದಾಗ, ಬಿಗಿದಿದ್ದ ನಟ್ಟುಗಳು ಸಡಿಲಗೊಳ್ಳುತ್ತವೆ.

ಜೋಡಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಶೂಗಳ ಅಂತರವನ್ನು ಸರಿಪಡಿಸಿ, ನಿರ್ಜನವಾದ ಸಮರಸ್ತೆಯಲ್ಲಿ ಕಡಿಮೆ ವೇಗದಿಂದ ಕೆಲವು ಸಲ ಬ್ರೇಕು ಹಿಡಿದು ನೋಡಬೇಕು. ವಾಹನ ಒಂದು ಪಕ್ಕಕ್ಕೆ ಎಳೆದರೆ ಅಥವಾ ಪೆಡಲು ಕಂಪಿಸಿದರೆ ಮತ್ತೆ ಬಿಚ್ಚಿ ಪರೀಕ್ಷಿಸದೆ ಪ್ರಯಾಣಿಕರನ್ನು ಕೂರಿಸಕೂಡದು. ಈ ಕೆಲಸದಲ್ಲಿ ಪಳಗದವರು ಜೋಡಣೆಯ ಹೊಣೆಯನ್ನು ನುರಿತ ಮೇಸ್ತ್ರಿಗೆ ಒಪ್ಪಿಸುವುದು ವಿವೇಕ.

ಹೊರಮೈಯ ಬಣ್ಣ ನೋಡುವವರಿಗೆ ಸಂತೋಷ ಕೊಡುತ್ತದೆ, ಕಬ್ಬಿಣಕ್ಕೂ ಆಯುಷ್ಯ ಕೊಡುತ್ತದೆ. ವಾಹನವನ್ನು ನಿಲ್ಲಿಸುವುದು ಮಾತ್ರ ಯಾರ ಕಣ್ಣಿಗೂ ಕಾಣದ ಒಳಮೈಯೇ. ಆದಕಾರಣ ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲು ಅಳತೆಗೋಲನ್ನು ಕೈಗೆತ್ತಿಕೊಳ್ಳುವುದು ಈ ಕೆಲಸದ ಮೊದಲ ನಿಯಮವಾಗಿರಬೇಕು. ವರ್ಷಕ್ಕೊಮ್ಮೆ, ಶಾಲೆ ತೆರೆಯುವ ಮುನ್ನ, ಒಂದು ದಿನವನ್ನು ಇದಕ್ಕೆ ಮೀಸಲಿಡುವ ಸಂಸ್ಥೆಗಳ ವಾಹನಗಳಲ್ಲಿ ಮಕ್ಕಳು ನಿಶ್ಚಿಂತೆಯಿಂದ ಪ್ರಯಾಣ ಮಾಡಬಹುದು.