ಗಿಟಾರ್, ತಮಟೆ ಮತ್ತು ಒಂದು ಕರಾರುಪತ್ರ

ಪ್ರಶ್ನೆ: ನಾನು ಹಾಡು ಬರೆದು ಗಿಟಾರ್ ನುಡಿಸುತ್ತೇನೆ. ಗೆಳೆಯ ತಮಟೆ ಬಾರಿಸುತ್ತಾ ದನಿಗೂಡಿಸುತ್ತಾನೆ. ಮೊದಲು ಐದು ಜನರ ತಂಡವಿತ್ತು. ಮೂವರು ಕೆಲಸ ಹಿಡಿದು ಬೆಂಗಳೂರು ಸೇರಿದರು. ಈಗ ಇಬ್ಬರೇ ಹೋದರೆ ಸಂಘಟಕರು ‘ಇಷ್ಟೇನಾ?’ ಅಂತಾರೆ. ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡೇ ಬೇಕು ಅಂತಾರೆ. ಇದರಲ್ಲೇ ಬದುಕು ನಡೆಯುತ್ತಾ ಸರ್?
– ಓದುಗ, ಅಜ್ಜಂಪುರ

ಉತ್ತರ: ನಡೆಯುತ್ತದೆ, ಆದರೆ ತಡವಾಗಿ. ರಘು ದೀಕ್ಷಿತ್ ಅವರ ದಾರಿ ನೋಡಿ. ಮೈಸೂರಿನಲ್ಲಿ ಬೆಳೆದು ‘ಅಂತರಾಗ್ನಿ’ ತಂಡ ಕಟ್ಟಿದ ಅವರಿಗೆ ಆಲ್ಬಂ ಕಂಪನಿಗಳು ವರ್ಷಗಟ್ಟಲೆ ಸೊಪ್ಪು ಹಾಕಲಿಲ್ಲ. ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, ವಿಶಾಲ್–ಶೇಖರ್ ಅವರ ಲೇಬಲ್ಲಿನಿಂದ. ಅದರಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯಾ’ ಇತ್ತು. 2011ರ ಹೊತ್ತಿಗೆ ಅವರು ಬ್ರಿಟನ್ನಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು, ಅದೂ ಪಂಚೆ ಉಟ್ಟು. ಕನ್ನಡ ಬಾರದವರನ್ನೂ ಕುಣಿಸುವ ಬಲ ಈ ಹಾಡುಗಳಿಗಿದೆ.

ಇಬ್ಬರೇ ಎಂಬ ಅಳುಕು ಬಿಡಿ. ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ತಂಬೂರಿ, ದಮ್ಮಡಿ ಹಿಡಿದೇ ರಾತ್ರಿಯಿಡೀ ಕಥೆ ಹಾಡಿದವರು. ಬಿಂದುಮಾಲಿನಿ ಮತ್ತು ವೇದಾಂತ್ ಭಾರದ್ವಾಜ್ ಜೋಡಿಯಾಗಿ ಕಬೀರನನ್ನು ಹಾಡಿ ದೇಶ ಸುತ್ತಿದ್ದಾರೆ. ಬಿಂದುಮಾಲಿನಿಯವರಿಗೆ ‘ನಾತಿಚರಾಮಿ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಖರ್ಚಿನ ಲೆಕ್ಕದಲ್ಲೂ ನೀವೇ ಗೆದ್ದವರು. ಐದು ಜನಕ್ಕೆ ವ್ಯಾನ್ ಬೇಕು, ಇಬ್ಬರಿಗೆ ರೈಲು ಸಾಕು. ಅಜ್ಜಂಪುರ, ಬೀರೂರು, ಕಡೂರು ಮೂರೂ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿವೆ. ಬೀರೂರಿನಿಂದ ಕವಲೊಡೆದ ಹಳಿ ತರೀಕೆರೆ ದಾಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಇಂಥ ಅನುಕೂಲ ಮಲೆನಾಡಿನ ಒಳಗಿನ ಹಾಡುಗಾರರಿಗಿಲ್ಲ.

ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಪೈಪೋಟಿಗೆ ಇಳಿಯಬೇಡಿ. ಅದು ಅವರ ಕಸುಬು, ಚೆನ್ನಾಗಿಯೇ ಮಾಡುತ್ತಾರೆ. ಜನ ಕೂತು ಕೇಳುವ ಜಾಗ ಹುಡುಕಿ: ಕಾಲೇಜು, ರಂಗತಂಡಗಳ ಶಿಬಿರ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದ ಕಾರ್ಯಕ್ರಮ, ಮನೆಯಂಗಳ. ‘ಪ್ರಚಾರ ಸಿಗುತ್ತೆ, ಬನ್ನಿ’ ಎಂದವರಿಗೆ ಹೋಗಿಬರುವ ಖರ್ಚು, ಊಟ, ಮುಂಗಡ ಮೂರನ್ನೂ ಸಂಕೋಚವಿಲ್ಲದೆ ಹೇಳಿ. ಇನ್ನೊಂದು ಮಾತನ್ನೂ ಮೊದಲೇ ಕೇಳಿಕೊಳ್ಳಿ. ತಂಡಿಗೆ ತಮಟೆಯ ಚರ್ಮ ಸಡಿಲಗೊಂಡು ದನಿ ಮಂಕಾಗುತ್ತದೆ. ಹುಲ್ಲೋ ಕಾಗದವೋ ಉರಿಸಿ ಕಾಯಿಸಿದರೇ ಅದು ಮತ್ತೆ ಖಣಖಣ ಅನ್ನುವುದು. ಸಭಾಂಗಣದ ಹಿಂದೆ ಬೆಂಕಿ ಹಾಕಲು ಬಿಡುತ್ತಾರಾ? ಬಿಡದಿದ್ದರೆ ಫೈಬರ್ ತಮಟೆ ಒಯ್ಯಿರಿ. ರಾತ್ರಿ ಹತ್ತಕ್ಕೆ ಬಯಲಿನ ಮೈಕ್ ನಿಲ್ಲಿಸಬೇಕೆಂಬ ನಿಯಮವಿದೆ. ಭಾಷಣಗಳು ಮುಗಿದ ಮೇಲೆ ಹತ್ತು ನಿಮಿಷ ಕೊಡುವವರ ವೇದಿಕೆಗೆ ಒಪ್ಪಬೇಡಿ.

ಪ್ರಶ್ನೆ: ಶರೀಫರ ಪದಗಳನ್ನೂ ನಮ್ಮಜ್ಜಿಯ ಸೋಬಾನೆಯನ್ನೂ ರಾಕ್ ಧಾಟಿಯಲ್ಲಿ ಹಾಡಿ ರೆಕಾರ್ಡ್ ಮಾಡಬೇಕೆಂದಿದ್ದೇವೆ. ಯಾರ ಅನುಮತಿ ಬೇಕು?
– ಓದುಗರು, ತರೀಕೆರೆ

ಉತ್ತರ: ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಎಡವುವುದು ಧಾಟಿಯಲ್ಲಿ. ನಮ್ಮ ಕಿವಿಯಲ್ಲಿ ಕೂತಿರುವುದು ಬಹುಪಾಲು ಸಿ. ಅಶ್ವಥ್ ಕಟ್ಟಿದ ಮಟ್ಟು. ಅವರು ತೀರಿಕೊಂಡಿದ್ದು 2009ರಲ್ಲಿ. ರಚನೆಕಾರರ ನಂತರ 60 ವರ್ಷ ಹಕ್ಕು ಉಳಿಯುವುದರಿಂದ ಆ ಸಂಯೋಜನೆಗಳಿಗೆ 2069ರ ಕೊನೆಯವರೆಗೆ ರಕ್ಷಣೆಯಿದೆ. ಆದ್ದರಿಂದ ಹೊಸ ಮಟ್ಟು ನೀವೇ ಹಾಕಿ. ಹಾಡಿನ ಖುಷಿ ಇರುವುದೂ ಅಲ್ಲೇ.

ಅಜ್ಜಿಯ ಸೋಬಾನೆಗೆ ಕಾನೂನಿನಲ್ಲಿ ಒಡೆಯರಿಲ್ಲ, ಆದರೆ ಹಾಡಿಕೊಟ್ಟವರು ಇದ್ದಾರಲ್ಲ! ಆಲ್ಬಂನಲ್ಲಿ ಅಜ್ಜಿಯ ಹೆಸರು, ಊರು ಹಾಕಿ. ಬೇರೆಯವರಿಂದ ಕಲಿತ ಪದವಾದರೆ ಬಂದ ದುಡ್ಡಿನಲ್ಲಿ ಅವರಿಗೊಂದು ಪಾಲು ಕೊಡಿ. ಜಾನಪದ ಸಂಗ್ರಹಕ್ಕೆ ಆಯುಷ್ಯ ಸವೆಸಿದ ಗೊ.ರು. ಚನ್ನಬಸಪ್ಪನವರು ನಿಮ್ಮ ಜಿಲ್ಲೆಯ ಗೊಂಡೇದಹಳ್ಳಿಯಲ್ಲೇ 1930ರಲ್ಲಿ ಹುಟ್ಟಿದವರು, 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ಪುಸ್ತಕಗಳನ್ನು ಓದಿಯೇ ಸ್ಟುಡಿಯೋ ಮೆಟ್ಟಿಲು ಹತ್ತಿ.

ಪ್ರಶ್ನೆ: ಜೊತೆಗಾರ ‘ನಮ್ಮ ನಡುವೆ ಕಾಗದ ಯಾಕೆ?’ ಅಂತಾನೆ. ಬರೆಸಿಕೊಳ್ಳಲೇಬೇಕಾ?
– ಓದುಗಿ, ಕಡೂರು

ಉತ್ತರ: ಬೇಕು, ಇವತ್ತೇ ಬೇಕು. ಸ್ನೇಹ ಗಟ್ಟಿ ಇರುವಾಗ ಬರೆದ ಕಾಗದದಲ್ಲಿ ಕಹಿ ಇರುವುದಿಲ್ಲ. ಸಾಹಿತ್ಯ ಬರೆದವರಿಗೆ ಸಾಹಿತ್ಯದ ಹಕ್ಕು, ರಾಗ ಕೂಡಿಸಿದವರಿಗೆ ಸಂಗೀತದ ಹಕ್ಕು. ಧ್ವನಿಮುದ್ರಿಕೆಯದು ಮೂರನೆಯ, ಬೇರೆಯೇ ಹಕ್ಕು. ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವರಿಗೆ ಅದು ಸೇರುತ್ತದೆ. ಅದಕ್ಕೇ ಸ್ಟುಡಿಯೋ ಬಿಲ್ಲನ್ನು ಇಬ್ಬರ ಹೆಸರಿನಲ್ಲೂ ಮಾಡಿಸಿ. ಪ್ರತಿ ಹಾಡಿನ ಮುಂದೆ ಯಾರ ಪಾಲು ಎಷ್ಟು, ಒಬ್ಬರು ಬಿಟ್ಟುಹೋದರೆ ಜೋಡಿಯ ಹೆಸರನ್ನು ಯಾರು ಬಳಸಬಹುದು ಎಂಬುದನ್ನು ಸರಳ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಆಮೇಲೆ ಐಪಿಆರ್‌ಎಸ್‌ನಲ್ಲಿ, ಅಂದರೆ 1969ರಲ್ಲಿ ಶುರುವಾದ ಗೀತರಚನೆಕಾರರ, ಸಂಗೀತ ಸಂಯೋಜಕರ ಸಂಸ್ಥೆಯಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಿ. ನಾಳೆ ಸಿನಿಮಾದವರು ನಿಮ್ಮ ಹಾಡು ಕೊಂಡರೂ, ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಿಂದಾಗಿ ಚಿತ್ರಮಂದಿರದ ಹೊರಗಿನ ಬಳಕೆಗೆ ರಾಯಧನದ ಪಾಲು ನಿಮಗೆ ಬರಲೇಬೇಕು. ‘ಪೂರ್ತಿ ಹಕ್ಕು ಬಿಟ್ಟುಕೊಟ್ಟಿದ್ದೇವೆ’ ಎಂಬ ಸಾಲಿರುವ ಕರಾರಿಗೆ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.