ಪುಟ ತಿರುಗಿಸುವ ಕೈ ಯಾರದು?

ಹೋದ ವರ್ಷ ನಮ್ಮ ಕನ್ನಡ ಸಂಘದಿಂದ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಒಂದು ಚಿತ್ರಪುಸ್ತಕವನ್ನು ನಾಟಕ ಮಾಡಿ ಆಡಿದೆವು. ತಯಾರಿಗೇನೂ ಕಮ್ಮಿ ಇರಲಿಲ್ಲ. ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಪ್ರೊಜೆಕ್ಟರ್‌ನಲ್ಲಿ ಹಿಂದೆ ಹಾಕಿದ್ದೆವು, ಥರ್ಮಾಕೋಲ್‌ನಲ್ಲಿ ಮುಖವಾಡ ಕತ್ತರಿಸಿದ್ದೆವು, ಪುಸ್ತಕದ ಒಂದು ಪದವನ್ನೂ ಬಿಡದೆ ಬಾಯಿಪಾಠ ಮಾಡಿದ್ದೆವು. ಹತ್ತು ನಿಮಿಷಕ್ಕೆಲ್ಲ ಕಥೆ ಮುಗಿದೇಹೋಯ್ತು. ಮಕ್ಕಳು ಪರದೆ ನೋಡ್ತಿದ್ರೇ ಹೊರತು ನಮ್ಮನ್ನಲ್ಲ. ಕೊನೆಗೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, "ಅಣ್ಣಾ, ಪುಸ್ತಕಾನೇ ಕೊಟ್ಟಿದ್ರೆ ನಾವೇ ಓದ್ಕೋತಿದ್ವಲ್ಲ" ಅಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಈ ವರ್ಷ ಅದೇ ಶಾಲೆಗೆ ಮತ್ತೆ ಹೋಗಬೇಕಿದೆ. ಅದಕ್ಕೆ ಮೊದಲು, ಈ ಕೆಲಸವನ್ನು ಸರಿಯಾಗಿ ಮಾಡಿದವರು ಹೇಗೆ ಮಾಡಿದ್ದಾರೆ ಅಂತ ಕೂತು ನೋಡಿದೆವು. ಆರಿಸಿಕೊಂಡದ್ದು ಬ್ರಿಟನ್ನಿನ 'ದಿ ಗ್ರಫಲೋ'. ಜೂಲಿಯಾ ಡೊನಾಲ್ಡ್‌ಸನ್ ಬರೆದು ಆಕ್ಸೆಲ್ ಶೆಫ್ಲರ್ ಚಿತ್ರ ಬಿಡಿಸಿದ ಈ ಪುಸ್ತಕ ಬಂದದ್ದು 1999ರಲ್ಲಿ. 'ಟಾಲ್ ಸ್ಟೋರೀಸ್' ಎಂಬ ನಾಟಕ ತಂಡ ಅದನ್ನು 2001ರಲ್ಲಿ ರಂಗಕ್ಕೆ ತಂದಿತು.

ಕಥೆ ಚಿಕ್ಕದು. ಕಾಡಿನಲ್ಲಿ ಹೋಗುವ ಇಲಿಯನ್ನು ನರಿ, ಗೂಬೆ, ಹಾವು ಒಂದೊಂದಾಗಿ ತಿನ್ನೋಕೆ ನೋಡುತ್ತವೆ. ಇಲಿ 'ಗ್ರಫಲೋ' ಅನ್ನೋ ಕೋರೆಹಲ್ಲಿನ ದೈತ್ಯನನ್ನು ಬಾಯಿಗೆ ಬಂದಂತೆ ಕಟ್ಟಿ ಹೆದರಿಸುತ್ತದೆ. ಆಮೇಲೆ ನೋಡಿದರೆ ಆ ದೈತ್ಯ ನಿಜವಾಗಿಯೂ ಎದುರು ನಿಂತಿದ್ದಾನೆ! ಇಲಿ ಹೆದರದೆ, "ಈ ಕಾಡಿಗೆಲ್ಲ ನನ್ನ ಕಂಡರೇ ಭಯ, ಬೇಕಾದರೆ ಹಿಂದೆ ಬಾ" ಅನ್ನುವ ಧಾಟಿಯಲ್ಲಿ ಅವನನ್ನೂ ಏಮಾರಿಸುತ್ತದೆ. ಇದರ ಬೇರು ಹುಲಿಯ ಭಯವನ್ನು ಎರವಲು ಪಡೆದ ನರಿಯ ಹಳೆಯ ಚೀನೀ ಕಥೆ. ಹುಲಿಯ ಇಂಗ್ಲಿಷ್ ಹೆಸರಿಗೆ ಪ್ರಾಸ ಕೂಡದೆ ಡೊನಾಲ್ಡ್‌ಸನ್ ಹೊಸ ಪ್ರಾಣಿಯನ್ನೇ ಹುಟ್ಟಿಸಿದರಂತೆ. ಆದಿಪ್ರಾಸದ ನಾಡಿನವರಾದ ನಮಗೆ ಈ ಕಷ್ಟ ಅರ್ಥವಾಗದ್ದೇನಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಪುಸ್ತಕದಲ್ಲಿರುವುದು ಸುಮಾರು 700 ಪದ. ನಿಮಿಷಕ್ಕೆ 130 ಪದದಂತೆ ಓದಿದರೂ ಆರು ನಿಮಿಷ ಸಾಕು. ನಾಟಕ ಮಾತ್ರ ಹತ್ತಿರಹತ್ತಿರ ಒಂದು ಗಂಟೆಯದು. ಉಳಿದ ಹೊತ್ತು ಎಲ್ಲಿಂದ ಬಂತು?

ಉತ್ತರ ಕಥೆಯ ರಚನೆಯಲ್ಲೇ ಇದೆ. ಮೊದಲು ನರಿ, ಗೂಬೆ, ಹಾವು. ವಾಪಸ್ ಬರುವಾಗ ಹಾವು, ಗೂಬೆ, ನರಿ. ಡೇಟಾ ಸ್ಟ್ರಕ್ಚರ್ಸ್ ಓದಿದವರು ಇದನ್ನು ಸ್ಟ್ಯಾಕ್ ಅಂತ ತಕ್ಷಣ ಗುರುತಿಸ್ತಾರೆ. ಮಗುವಿಗೆ ಆ ಹೆಸರು ಗೊತ್ತಿಲ್ಲ, ಆದರೆ ಹಾವು ಓಡಿಹೋದ ಮೇಲೆ ಬರೋದು ಗೂಬೆಯೇ ಅನ್ನೋದು ಗೊತ್ತು. ಮುಂದಿನದನ್ನು ಊಹಿಸಿ ಕಾಯುವ ಆ ಹೊತ್ತೇ ನಾಟಕದ ಹೊತ್ತು. ಪುಸ್ತಕದಲ್ಲಿ ಪುಟ ತಿರುಗಿಸುವುದು ಮಗುವಿನ ಕೈ. ಬೇಕಾದರೆ ನಿಲ್ಲುತ್ತದೆ, ಬೇಕಾದರೆ ಹಿಂದಕ್ಕೆ ಹೋಗುತ್ತದೆ. ರಂಗದ ಮೇಲೆ ಆ ಅಧಿಕಾರವನ್ನು ನಾವು ಕಿತ್ತುಕೊಳ್ಳುತ್ತೇವೆ. ಕಿತ್ತುಕೊಂಡದ್ದನ್ನು ಬೇರೆ ರೂಪದಲ್ಲಿ ವಾಪಸ್ ಕೊಡಬೇಕು: ಮಕ್ಕಳು ಕೂಗಲಿ, ದೈತ್ಯನ ಜೊತೆ ಗರ್ಜಿಸಲಿ, ಅವರು ಹೇಳುವ ತನಕ ನಟ ಕಾಯಲಿ. ನರಿ ಓಡಿದ್ದು ಯಾರನ್ನು ನೋಡಿ ಅಂತ ದೈತ್ಯನಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತು. ಅವರು ಸುಮ್ಮನಿರೋದು ಹೇಗೆ? ನಾವು ಹೋದ ವರ್ಷ ಬಾಯಿಪಾಠ ಒಪ್ಪಿಸುವ ಭರದಲ್ಲಿ ಒಂದು ಸಲವೂ ಕಾಯಲಿಲ್ಲ.

ಎರಡನೆಯದು ವೇಷ. ಆ ನಾಟಕದಲ್ಲಿರುವುದು ಮೂರೇ ನಟರು. ನರಿ, ಗೂಬೆ, ಹಾವು ಮೂರನ್ನೂ ಒಬ್ಬರೇ ಮಾಡ್ತಾರೆ. ಪೂರ್ತಿ ಪ್ರಾಣಿವೇಷ ಇಲ್ಲ, ಮುಖ ಕಾಣುತ್ತದೆ. ನರಿ ಬಾಯಿಮಾತಿನಲ್ಲೇ ವ್ಯಾಪಾರ ಕುದುರಿಸುವ ದಲ್ಲಾಳಿ, ಗೂಬೆ ವಾಯುಪಡೆಯ ಹಳೇ ಅಧಿಕಾರಿ, ಹಾವು ಗಿಲಕಿ ಹಿಡಿದು ಕುಣಿಯುವ ಶೋಕಿವಾಲ. ಶೆಫ್ಲರ್ ಚಿತ್ರದ ನಕಲು ಮಾಡದೆ ಆ ಪ್ರಾಣಿಯ ಸ್ವಭಾವಕ್ಕೆ ಒಬ್ಬ ಮನುಷ್ಯನನ್ನು ಹುಡುಕಿದ್ದಾರೆ. ನಮ್ಮ ಥರ್ಮಾಕೋಲ್ ಮುಖವಾಡದ ಹಿಂದೆ ಮುಖವೂ ಇರಲಿಲ್ಲ, ಮಾತೂ ಕೇಳಿಸಲಿಲ್ಲ.

ಕನ್ನಡದ ದಾರಿ ಸ್ವಲ್ಪ ಬೇರೆ. ಕುವೆಂಪು ಅವರು ಬ್ರೌನಿಂಗ್ ಕವಿತೆಯಿಂದ ಕನ್ನಡಕ್ಕೆ ತಂದ 'ಕಿಂದರಿಜೋಗಿ' ಆಡುವಾಗ ಇಡೀ ಶಾಲೆಯೇ ಇಲಿಗಳಾಗಿ ಓಡಬಹುದು. ಅಲ್ಲಿ ಮಕ್ಕಳು ನೋಡುವವರಲ್ಲ, ಆಡುವವರು. ನಾವು ಮೂವರು ನಟರ ಮಾದರಿಯನ್ನು ತೆಗೆದುಕೊಂಡು, ಕೊನೆಯ ಓಟಕ್ಕೆ ಮಕ್ಕಳನ್ನೇ ಕರೆಯೋಣ ಅಂದುಕೊಂಡಿದ್ದೇವೆ. ಹಾಗೆ ಕರೆದರೆ ಯಾರೂ ವಾಪಸ್ ಹೋಗಿ ಕೂರೋದಿಲ್ಲ ಅನ್ನೋ ವಾದವೂ ಇದೆ. ಇನ್ನೂ ತೀರ್ಮಾನವಾಗಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ಸ್ಕ್ಯಾನ್ ಮಾಡಿದ ಪುಸ್ತಕಕ್ಕೆ ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಮುಕ್ತ ಪರವಾನಗಿಯ ಕನ್ನಡ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಿ ರೂಪಾಂತರ ಮಾಡಬಹುದು. ಈ ಸಲದ ಕಥೆ ಅಲ್ಲಿಂದಲೇ.

ಮೊದಲ ರಿಹರ್ಸಲ್‌ನಲ್ಲಿ ನಮ್ಮ ಮೂರು ಪಾತ್ರದ ನಟನಿಗೆ ಟೋಪಿ, ಶಾಲು ಬದಲಿಸೋಕೆ ಒಂದೂವರೆ ನಿಮಿಷ ಹಿಡಿಯಿತು. ಅಷ್ಟು ಹೊತ್ತು ತುಂಬೋಕೆ ಒಂದು ಹಾಡು ಬೇಕು, ಹಾಡಿಗೆ ಡೋಲಕ್ ಬಾರಿಸುವವರು ಬೇಕು. ಬರುವವರು ಸಂಜೆ ಐದಕ್ಕೆ ಕ್ಯಾಂಟೀನ್ ಹಿಂದಿನ ಕಟ್ಟೆಗೆ ಬನ್ನಿ. ಆ ಹುಡುಗಿ ಈಗ ನಾಲ್ಕನೇ ಕ್ಲಾಸು.