ಮಡಚುವ ರ‍್ಯಾಕು: ಒಂದು ರಚನಾ ಪಾಠ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇತಿಹಾಸವನ್ನೋ ಸಾಹಿತ್ಯವನ್ನೋ ಕುರಿತು ಬರೆಯದೆ ಬಡಗಿಯ ಕೆಲಸವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಓದುಗರಲ್ಲಿ ಕೆಲವರಿಗೆ ನಗು ಬರಬಹುದು. ನಾನು ಬಡಗಿಯಲ್ಲ, ಯಂತ್ರಶಾಸ್ತ್ರವನ್ನು ಓದಿದವನೂ ಅಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ಒಂದು ಮಡಚುವ ರ‍್ಯಾಕನ್ನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದು ಬಿತ್ತು, ಎರಡನೆಯದು ನಿಂತಿತು. ಅದು ಬಿದ್ದುದೇಕೆ, ಇದು ನಿಂತುದೇಕೆ ಎಂಬುದನ್ನು ತಿಳಿಯಲು ಪಟ್ಟ ಶ್ರಮವೇ ಈ ಲೇಖನದ ವಸ್ತು.

ನಮ್ಮದು ಗದಗಿನಲ್ಲಿ ಒಂದು ಬಾಡಿಗೆಯ ಮನೆ. ಒಲೆಯ ಮೂಲೆಯನ್ನು ಬಿಟ್ಟರೆ ಉಳಿದುದು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದೇ ಖೋಲಿ. ನಮ್ಮ ಅವ್ವ ಜೋಳದ ಖಡಕ್ ರೊಟ್ಟಿಗಳನ್ನು ಮಾಡಿ ಖಾನಾವಳಿಗಳಿಗೂ ಮದುವೆಯ ಮನೆಗಳಿಗೂ ಕೊಡುತ್ತಾಳೆ. ಆ ದುಡಿಮೆಯಿಂದಲೇ ನನ್ನ ಓದು ನಡೆದಿದೆ. ಹಂಚಿನಿಂದ ತೆಗೆದ ರೊಟ್ಟಿಯನ್ನು ಬಿಸಿಯಿರುವಾಗಲೇ ಒಂದರ ಮೇಲೊಂದು ಒಟ್ಟಿದರೆ ಹಬೆ ಒಳಗೇ ಉಳಿದು ಮೆತ್ತಗಾಗುತ್ತದೆ. ಗಾಳಿಗೆ ಹರವಿದರೆ ಮಾತ್ರ ಖಡಕ್ ಆಗುತ್ತದೆ. ಆದುದರಿಂದ ಹಗಲೆಲ್ಲ ಖೋಲಿಯ ನೆಲದ ಮೇಲೆ ಬಟ್ಟೆ ಹಾಸಿ ರೊಟ್ಟಿ ಹರವುತ್ತಿದ್ದೆವು, ಕಾಲಿಡಲು ಜಾಗವಿರುತ್ತಿರಲಿಲ್ಲ. ಸಂಜೆ ರೊಟ್ಟಿಗಳು ಗಿರಾಕಿಗಳ ಮನೆ ಸೇರಿದ ಮೇಲೆ ಅದೇ ನೆಲವು ಅಜ್ಜಿ, ಅವ್ವ, ತಂಗಿ, ನಾನು, ಹೀಗೆ ನಾಲ್ವರಿಗೆ ಮಲಗುವ ಎಡೆಯಾಗುತ್ತಿತ್ತು. ಹಗಲು ನಾಲ್ಕು ಹಲಗೆಗಳ ರ‍್ಯಾಕು ಬೇಕು, ರಾತ್ರಿ ಅದು ಇರಬಾರದು. ನಮ್ಮ ಸಮಸ್ಯೆ ಇಷ್ಟೇ.

ಮಡಚುವ ರ‍್ಯಾಕನ್ನು ಕಟ್ಟಬಯಸುವವನು ಮೊತ್ತಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದರಲ್ಲೇ ಅಡಗಿದೆ: ಈ ರ‍್ಯಾಕು ಬರಿದಾಗಿರುವುದು ಯಾವಾಗ? ಪುಸ್ತಕದ ಕಪಾಟು ಎಂದೂ ಬರಿದಾಗುವುದಿಲ್ಲ. ಅದನ್ನು ಮಡಚುವಂತೆ ಮಾಡಿದರೆ ಕೀಲುಗಳ ಖರ್ಚು ಹೆಚ್ಚಾಗುವುದೇ ಹೊರತು ಒಂದು ಅಂಗುಲ ಜಾಗವೂ ಉಳಿಯದು. ಜಾತ್ರೆಯ ಅಂಗಡಿಯ ಹಲಗೆಗಳು, ದಸರೆಯಲ್ಲಿ ಗೊಂಬೆಗಳನ್ನು ಕೂರಿಸುವ ಮೆಟ್ಟಿಲುಗಳು, ನಮ್ಮ ರೊಟ್ಟಿಯ ರ‍್ಯಾಕು, ಇವುಗಳಿಗೆ ಕೆಲಸದ ಹೊತ್ತು ಬೇರೆ, ಬಿಡುವಿನ ಹೊತ್ತು ಬೇರೆ. ಮಡಚುವ ರಚನೆ ಸಲ್ಲುವುದು ಇಂಥವಕ್ಕೆ ಮಾತ್ರ.

ಈ ವಿಚಾರ ಹೊಸದೇನೂ ಅಲ್ಲ. ನಮ್ಮ ಹಿರಿಯರು ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದರು. ಹಾಲು ಬೆಣ್ಣೆಯ ಗಡಿಗೆಗಳನ್ನು ಹಗ್ಗದ ನೆಲವಿನಲ್ಲಿ ತೂಗುಹಾಕಿ ನೆಲವನ್ನು ಬಿಡಿಸಿಕೊಂಡರು. 1922ರಲ್ಲಿ ಹಾವರ್ಡ್ ಕಾರ್ಟರನು ಈಜಿಪ್ಟಿನಲ್ಲಿ ಕಂಡುಹಿಡಿದ ತೂತಂಖಾಮನ್ ಅರಸನ ಗೋರಿಯಲ್ಲಿ, ಲೋಹದ ಬಿಜಾಗರಿಗಳ ಮೇಲೆ ಮೂರು ಮಡಿಕೆಯಾಗಿ ಮಡಚುವ ಒಂದು ಮಂಚವಿತ್ತು. ಅದಕ್ಕೆ ಈಗ ಸುಮಾರು 3300 ವರ್ಷ. ಮಡಚುವುದನ್ನು ಮನುಷ್ಯನು ಬಹು ಹಿಂದೆಯೇ ಕಲಿತನು. ನಾನು ಕಲಿಯಬೇಕಾಗಿದ್ದುದು ಮಡಚಬಲ್ಲುದನ್ನು ನಿಲ್ಲಿಸುವುದನ್ನು.

ನನ್ನ ಮೊದಲನೆಯ ರ‍್ಯಾಕಿನ ರಚನೆ ಬಹಳ ಸುಲಭವಾಗಿತ್ತು. ನಾಲ್ಕು ಕಾಲುಗಳು, ನಾಲ್ಕು ಹಲಗೆಗಳು. ಪ್ರತಿ ಹಲಗೆಯ ನಾಲ್ಕು ಮೂಲೆಗಳಲ್ಲೂ ತಿರುಗುವ ಬೋಲ್ಟು. ಮೇಲಿನ ಹಲಗೆಯನ್ನು ಹಿಡಿದು ಪಕ್ಕಕ್ಕೆ ತಳ್ಳಿದರೆ ಇಡೀ ರ‍್ಯಾಕು ಓರೆಯಾಗಿ ಮಲಗಿ ಚಪ್ಪಟೆಯಾಗುತ್ತಿತ್ತು. ಮನೆಯವರೆಲ್ಲ ಮೆಚ್ಚಿದರು. ಮೂರನೆಯ ವಾರ ಒಂದು ಮದುವೆಯ ಮನೆಗಾಗಿ ಮಾಡಿದ ಇನ್ನೂರು ರೊಟ್ಟಿಗಳು ಅದರ ಮೇಲಿದ್ದಾಗ ತಂಗಿಯ ಭುಜ ತಾಕಿತು. ರ‍್ಯಾಕು ಪಕ್ಕಕ್ಕೆ ವಾಲಿತು, ವಾಲಿದ್ದು ನಿಲ್ಲಲಿಲ್ಲ. ಪುಣ್ಯಕ್ಕೆ ಅಜ್ಜಿ ಆಗತಾನೆ ಅಲ್ಲಿಂದ ಎದ್ದು ಹೊರಗೆ ಹೋಗಿದ್ದಳು. ರೊಟ್ಟಿಗಳೆಲ್ಲ ಚೂರಾದವು. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಹಿಟ್ಟಿನ ಡಬ್ಬಿಯನ್ನು ಎಳೆದುಕೊಂಡು ಮತ್ತೆ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸದ್ದು ನಡುರಾತ್ರಿ ದಾಟಿದ ಮೇಲೂ ಕೇಳುತ್ತಿತ್ತು. ಒಂದು ವಾರ ನಾವು ಮೊಸರಿನಲ್ಲಿ ರೊಟ್ಟಿಯ ಚೂರುಗಳನ್ನು ನೆನೆಸಿಕೊಂಡು ಉಂಡೆವು.

ನಮ್ಮ ಓಣಿಯಲ್ಲಿ ಒಬ್ಬ ವಯಸ್ಸಾದ ಬಡಿಗೇರರು ಇದ್ದಾರೆ. ಬಿದ್ದ ರ‍್ಯಾಕನ್ನು ಅವರ ಬಳಿಗೆ ಒಯ್ದೆ. ಅವರು ಅದನ್ನು ಎರಡು ಸಲ ಎತ್ತಿ, ಎರಡು ಸಲ ಮಲಗಿಸಿ ನೋಡಿ ಹೇಳಿದರು: “ತಮ್ಮಾ, ಮಡಚಾಕ ಹದಿನಾರು ಕಡೆ ಕೀಲ ಇಟ್ಟೀದಿ. ನಿಂದ್ರಾಕ ಏನ ಇಟ್ಟೀದಿ?”

“ಏನೂ ಇಟ್ಟಿಲ್ಲರಿ ಕಾಕಾ,” ಎಂದೆ.

ಈ ಒಂದು ಪ್ರಶ್ನೆಯಲ್ಲಿ ಇಡೀ ಪಾಠವಿದೆ. ಓದುಗರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಟ್ಟಿನ ನಾಲ್ಕು ಪಟ್ಟಿಗಳನ್ನು ತೆಗೆದುಕೊಂಡು ಮೂಲೆಗಳಲ್ಲಿ ಗುಂಡುಸೂಜಿ ಚುಚ್ಚಿ ಒಂದು ಚೌಕವನ್ನು ಮಾಡಿರಿ. ಒಂದು ಬೆರಳಿನಿಂದ ತಳ್ಳಿದರೆ ಚೌಕವು ಓರೆಯಾಗುತ್ತದೆ. ಇನ್ನು ಮೂರೇ ಪಟ್ಟಿಗಳಿಂದ ತ್ರಿಕೋಣವನ್ನು ಮಾಡಿರಿ. ಅದನ್ನು ತಳ್ಳಿದರೂ ಆಕಾರ ಬದಲಾಗದು. ಬದಲಾಗಬೇಕಾದರೆ ಪಟ್ಟಿ ಮುರಿಯಬೇಕು ಇಲ್ಲವೆ ಸೂಜಿ ಕಿತ್ತುಬರಬೇಕು. ಮೂರು ಭುಜಗಳ ಉದ್ದ ಗೊತ್ತಾದರೆ ತ್ರಿಕೋಣದ ಆಕಾರವೂ ಗೊತ್ತಾಯಿತೆಂದು ರೇಖಾಗಣಿತದಲ್ಲಿ ನಾವು ಓದಿದುದು ಇದನ್ನೇ. ನಾಲ್ಕು ಭುಜಗಳಿಗೆ ಈ ಗುಣವಿಲ್ಲ. ಆದ್ದರಿಂದಲೇ ಚೌಕವು ಮಡಚಿಕೊಳ್ಳುತ್ತದೆ. ಆದ್ದರಿಂದಲೇ ಅದು ಬೀಳುತ್ತದೆ ಕೂಡ. ನನ್ನ ರ‍್ಯಾಕು ಮಡಚಲು ಯಾವುದು ಕಾರಣವೋ ಬೀಳಲೂ ಅದೇ ಕಾರಣವಾಗಿತ್ತು.

ಹಾಗಾದರೆ ಚೌಕಕ್ಕೆ ಓರೆಯಾಗಿ ಒಂದು ಪಟ್ಟಿಯನ್ನು ಕೊಕ್ಕೆಯಿಂದ ಸಿಕ್ಕಿಸಿದರೆ ಅದು ಎರಡು ತ್ರಿಕೋಣಗಳಾಗಿ ನಿಲ್ಲುವುದಲ್ಲವೆ? ನಿಲ್ಲುತ್ತದೆ. ನಾನೂ ಬಡಿಗೇರ ಕಾಕಾ ಅವರಿಗೆ ಇದನ್ನೇ ಹೇಳಿದೆ. ಅವರು, “ಸಿಕ್ಕಿಸಾಕ ಮರತ ದಿನಾ?” ಎಂದರು. ಗಡಿಬಿಡಿಯ ಮನೆಯಲ್ಲಿ ಅಂಥ ದಿನ ಬಂದೇ ಬರುತ್ತದೆ. ನೆನಪನ್ನು ನಂಬಿದ ಬೀಗ ಬೀಗವೇ ಅಲ್ಲ. ಬಳಸುವವನು ಮರೆತರೂ ತಾನಾಗಿ ಬೀಳುವ ಬೀಗ ಬೇಕು.

ಆಗ ನನ್ನ ಕಣ್ಣಿಗೆ ಬಿದ್ದುದು ಅಜ್ಜಿಯ ವ್ಯಾಸಪೀಠ. ಪುರಾಣದ ಪುಸ್ತಕವನ್ನಿಟ್ಟು ಓದುವ ಈ ಪುಟ್ಟ ಪೀಠವನ್ನು ಬಹಳ ಮಂದಿ ನೋಡಿದ್ದಾರೆ. ಒಂದೇ ಹಲಗೆಯನ್ನು ಸೀಳಿ, ನಡುವೆ ಒಂದರೊಳಗೊಂದು ಹೆಣೆದ ಹಲ್ಲುಗಳನ್ನು ಕೊರೆದು ಇದನ್ನು ಮಾಡುವುದುಂಟು; ಮೊಳೆ ಬೇಕಿಲ್ಲ, ಬಿಜಾಗರಿ ಬೇಕಿಲ್ಲ. ಮುಚ್ಚಿದಾಗ ಅದೊಂದು ಹಲಗೆ. ತೆರೆದಾಗ ಕತ್ತರಿಯ ಆಕಾರದ ಪೀಠ. ಇದರ ಮೇಲೆ ಪುಸ್ತಕವನ್ನಿಟ್ಟಾಗ ಅದರ ಭಾರವು ಎರಡು ರೆಕ್ಕೆಗಳನ್ನು ಇನ್ನೂ ಅಗಲಿಸಲು ನೋಡುತ್ತದೆ. ಆದರೆ ಹಲ್ಲುಗಳ ಭುಜಗಳು ಒಂದಕ್ಕೊಂದು ತಾಗಿ ತಡೆಯುತ್ತವೆ. ಭಾರವು ಪೀಠವನ್ನು ಮುಚ್ಚುವ ಕಡೆಗೆ ತಳ್ಳದೆ ತೆರೆದೇ ಇರಿಸುವ ಕಡೆಗೆ ತಳ್ಳುತ್ತದೆ. ಗ್ರಂಥವು ದೊಡ್ಡದಾದಷ್ಟೂ ಪೀಠವು ಗಟ್ಟಿಯಾಗಿ ನಿಲ್ಲುತ್ತದೆ.

ನಾನು ಹುಡುಕುತ್ತಿದ್ದ ನಿಯಮ ಇದೇ: ಮಡಚುವ ವಸ್ತುವಿನಲ್ಲಿ ಹೊರೆಯೇ ಬೀಗವಾಗಬೇಕು. ಹೊರೆಯಿದ್ದಾಗ ಅದನ್ನು ಮಡಚಲು ಆಗಬಾರದು. ಬರಿದಾದಾಗ ಮಾತ್ರ ಮಡಚಲು ಬರಬೇಕು.

ಈ ನಿಯಮಕ್ಕೆ ಅನುಸಾರವಾಗಿ ಕಟ್ಟಿದ ಎರಡನೆಯ ರ‍್ಯಾಕನ್ನು ಈಗ ವಿವರಿಸುತ್ತೇನೆ. ಇದಕ್ಕೆ ಮೂರು ಅಂಗಗಳು: ಹಿಂಬದಿಯ ಚೌಕಟ್ಟು, ಎರಡು ಪಕ್ಕಗಳು, ನಾಲ್ಕು ಹಲಗೆಗಳು. ಚೌಕಟ್ಟಿನ ಅಗಲ 75 ಸೆಂಟಿಮೀಟರು, ಎತ್ತರ 155. ಎರಡು ಪಕ್ಕಗಳೂ ಬಾಗಿಲಿನ ಕದಗಳಂತೆ ಬಿಜಾಗರಿಗಳ ಮೇಲೆ ಒಳಕ್ಕೆ ಮಡಚುತ್ತವೆ. ಹಲಗೆಗಳು ತಮ್ಮ ಹಿಂಬದಿಯ ಅಂಚಿನಲ್ಲಿ ಚೌಕಟ್ಟಿಗೆ ಕೀಲಿಸಲ್ಪಟ್ಟಿದ್ದು ಮೇಲಕ್ಕೆ ಮಡಚುತ್ತವೆ. ಮುಚ್ಚುವಾಗ ಮೊದಲು ಹಲಗೆಗಳನ್ನು ಮೇಲೆತ್ತಬೇಕು, ಬಳಿಕ ಪಕ್ಕಗಳನ್ನು ಅವುಗಳ ಮೇಲೆ ಹೊದಿಸಬೇಕು. ತೆರೆಯುವಾಗ ಇದಕ್ಕೆ ತಿರುಗುಮುರುಗು.

ಅಳತೆಗಳನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಮೊದಲನೆಯದಾಗಿ, ಪಕ್ಕದ ಆಳವು ಚೌಕಟ್ಟಿನ ಅರ್ಧ ಅಗಲವನ್ನು ಮೀರಬಾರದು. ಮೀರಿದರೆ ಮಡಚಿದಾಗ ಎರಡು ಪಕ್ಕಗಳೂ ಒಂದರ ಮೇಲೊಂದು ಏರುತ್ತವೆ. ನಮ್ಮ ಪಕ್ಕದ ಆಳ 30, ಎರಡೂ ಸೇರಿ 60, ಚೌಕಟ್ಟು 75. ಎರಡನೆಯದಾಗಿ, ಹಲಗೆ ಹಲಗೆಗಳ ನಡುವಣ ಅಂತರವು ಹಲಗೆಯ ಆಳಕ್ಕಿಂತ ಹೆಚ್ಚಾಗಿರಬೇಕು. ಇಲ್ಲವಾದರೆ ಮೇಲೆತ್ತಿದ ಹಲಗೆಯು ಮೇಲಿನ ಹಲಗೆಗೆ ತಾಗುತ್ತದೆ. ನಾನು ಅಂತರವನ್ನು 35 ಇಟ್ಟಿದ್ದೇನೆ. ಉಳಿದ 5 ಸೆಂಟಿಮೀಟರು ವ್ಯರ್ಥವಲ್ಲ. ಹಲಗೆಯನ್ನು ಹೊರುವ ಆಧಾರ ಪಟ್ಟಿಗಳು ಪಕ್ಕಗಳ ಒಳಮೈಯಲ್ಲಿ ಇವೆಯಷ್ಟೆ. ಪಕ್ಕಗಳನ್ನು ಮಡಚಿದಾಗ ಆ ಪಟ್ಟಿಗಳು ಹೋಗಿ ಕುಳಿತುಕೊಳ್ಳುವುದು ಈ 5 ಸೆಂಟಿಮೀಟರಿನ ಎಡೆಯಲ್ಲಿಯೇ. ಮೂರನೆಯದಾಗಿ, ಪಕ್ಕದ ಬಿಜಾಗರಿಯನ್ನು ಚೌಕಟ್ಟಿಗೆ ನೇರವಾಗಿ ಬಡಿಯದೆ, ಹಲಗೆಯಷ್ಟೇ ದಪ್ಪದ, ಅಂದರೆ 2 ಸೆಂಟಿಮೀಟರಿನ, ಒಂದು ರೀಪನ್ನು ನಡುವೆ ಇಡಬೇಕು. ಇಲ್ಲವಾದರೆ ಒಳಗೆ ಮಲಗಿದ ಹಲಗೆಗಳು ಪಕ್ಕಗಳನ್ನು ಮುಚ್ಚಗೊಡುವುದಿಲ್ಲ.

ಇನ್ನು ಬೀಗದ ಮಾತು. ಪ್ರತಿ ಆಧಾರ ಪಟ್ಟಿಯ ಮುಂದುಗಡೆ ಒಂದು ಸೆಂಟಿಮೀಟರಿನ ಮರದ ಗೂಟವಿದೆ. ಹಲಗೆಯ ಅಡಿಯಲ್ಲಿ ಅದಕ್ಕೆ ತಕ್ಕ ತೂತು. ಹಲಗೆಯನ್ನು ಇಳಿಸಿದೊಡನೆ ಗೂಟವು ತೂತಿನಲ್ಲಿ ಕೂರುತ್ತದೆ. ಆಮೇಲೆ ಪಕ್ಕಗಳು ಒಳಕ್ಕೂ ಬಾರವು, ಹೊರಕ್ಕೂ ಹೋಗವು. ರೊಟ್ಟಿ ಒಟ್ಟಿದಷ್ಟೂ ಹಲಗೆಯು ಗೂಟವನ್ನು ಒತ್ತಿ ಹಿಡಿಯುತ್ತದೆ. ಬೀಗ ಹಾಕಲು ಯಾರೂ ನೆನಪಿಡಬೇಕಾಗಿಲ್ಲ. ಹಲಗೆ ಇಳಿಸದೆ ರೊಟ್ಟಿ ಇಡಲು ಬಾರದು, ಇಳಿಸಿದರೆ ಬೀಗ ಬಿದ್ದಂತೆಯೇ.

ಹಲಗೆಯನ್ನು ಇನ್ನೂ ಉದ್ದ ಮಾಡಬಹುದಿತ್ತಲ್ಲ ಎಂದು ತಂಗಿ ಕೇಳಿದಳು. ಒಂದೇ ಸಮನಾಗಿ ಹೊರೆ ಹರಡಿರುವ ಹಲಗೆಯ ಉದ್ದವನ್ನು ಎರಡರಷ್ಟು ಮಾಡಿದರೆ ಅದರ ನಡುವಣ ಬಾಗು ಹದಿನಾರರಷ್ಟಾಗುತ್ತದೆ; ದಪ್ಪವನ್ನು ಎರಡರಷ್ಟು ಮಾಡಿದರೆ ಬಾಗು ಎಂಟರಲ್ಲಿ ಒಂದು ಪಾಲಾಗುತ್ತದೆ. ಮಡಚುವ ರ‍್ಯಾಕಿನಲ್ಲಿ ದಪ್ಪವನ್ನು ಹೆಚ್ಚಿಸಿದರೆ ಮಡಚಿದ ಗಾತ್ರವೂ ಹೆಚ್ಚುತ್ತದೆ. ಆದುದರಿಂದ ಉದ್ದವನ್ನು ಹಿಡಿತದಲ್ಲಿಡುವುದೇ ಲಾಭ. ನಮ್ಮ ಹಲಗೆಯ ಉದ್ದ 70 ಸೆಂಟಿಮೀಟರಿಗೆ ಎರಡು ಮೂರು ಮಿಲಿಮೀಟರು ಕಡಿಮೆ. ಪಕ್ಕಗಳ ನಡುವೆ ಬಿಗಿಯಾದರೆ ಮಳೆಗಾಲದಲ್ಲಿ ಮರ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಹಲಗೆಯೆಂದು ಕರೆದರೂ ಇದು ಸಂದು ಬಿಟ್ಟು ಜೋಡಿಸಿದ ಪಟ್ಟಿಗಳ ಚೌಕಟ್ಟು. ಗಾಳಿ ಕೆಳಗಿನಿಂದಲೂ ಆಡುತ್ತದೆ, ತೂಕವೂ ಕಡಿಮೆ. ಮರವು ಗುಜರಿಯಲ್ಲಿ ಸಿಕ್ಕ ಒಂದು ಹಳೆಯ ತೇಗದ ಬಾಗಿಲಿನದು. ಪ್ಲೈವುಡ್ಡು ಅಗ್ಗವಾಗುತ್ತಿತ್ತು, ಆದರೆ ಅದರ ಅಂಚಿನಲ್ಲಿ ಸ್ಕ್ರೂ ಗಟ್ಟಿಯಾಗಿ ಕಚ್ಚುವುದಿಲ್ಲ. ದಿನಕ್ಕೆರಡು ಬಾರಿ ಮಡಚಿ ತೆರೆಯುವ ವಸ್ತುವಿನಲ್ಲಿ ಮೊದಲು ಸೋಲುವುದು ಸ್ಕ್ರೂ ಕಚ್ಚಿದ ಎಡೆಯೇ.

ರೊಟ್ಟಿ ಇಡುವ ಮೊದಲು ಪ್ರತಿ ಹಲಗೆಯ ಮೇಲೂ ಹತ್ತು ಕಿಲೋ ಹಿಟ್ಟನ್ನು ಇಟ್ಟು ಒಂದು ರಾತ್ರಿ ಬಿಟ್ಟೆ. ನೂರು ರೊಟ್ಟಿಗಳನ್ನು ತೂಗಿದಾಗ ನಾಲ್ಕೂವರೆ ಕಿಲೋ ಆಗಿತ್ತು. ಆದ್ದರಿಂದ ಹತ್ತು ಕಿಲೋ ತಡೆದ ಹಲಗೆಯನ್ನು ನಂಬಬಹುದು. ಬೆಳಿಗ್ಗೆ ಪಕ್ಕದಿಂದ ಕೈಯಿಟ್ಟು ತಳ್ಳಿದೆ. ಅಲುಗಲಿಲ್ಲ. ಬಡಿಗೇರ ಕಾಕಾ ಬಂದು ತಾವೂ ಒಮ್ಮೆ ತಳ್ಳಿ ನೋಡಿ, “ಈಗ ಇದಕ್ಕ ನಿಂದ್ರೂದು ಗೊತ್ತಾತು” ಎಂದರು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. 155 ಎತ್ತರಕ್ಕೆ 30ರ ಆಳ ಕಡಿಮೆಯೇ. ಮುಂದಕ್ಕೆ ಮಗುಚದಂತೆ ಭಾರವನ್ನು ಕೆಳಗಿನ ಹಲಗೆಗಳಲ್ಲಿ ಇಡಬೇಕು. ನಾವು ಬಿಸಿ ರೊಟ್ಟಿಗಳನ್ನು ಮೇಲಿನ ಎರಡು ಹಲಗೆಗಳಲ್ಲಿ ಆರಿಸಿ, ಆರಿದವುಗಳನ್ನು ಕೆಳಗಿನವುಗಳಲ್ಲಿ ಒಟ್ಟುತ್ತೇವೆ. ತೆರೆದಿರಲಿ ಮಡಚಿರಲಿ, ರ‍್ಯಾಕನ್ನು ಗೋಡೆಯ ಎರಡು ಕೊಕ್ಕೆಗಳಿಗೆ ಸಿಕ್ಕಿಸಿಯೇ ಇಡುತ್ತೇವೆ. ಮಡಚಿದ ರ‍್ಯಾಕು ತಾನಾಗಿ ನಿಲ್ಲಲಾರದು. ಇಲ್ಲಿ ಮಾತ್ರ ನೆನಪನ್ನೇ ನಂಬಬೇಕಾಗಿದೆ. ಇದು ನನ್ನ ರಚನೆಯ ಕೊರತೆಯೆಂದು ಒಪ್ಪಿಕೊಳ್ಳುತ್ತೇನೆ. ಎರಡನೆಯದು, ಮಡಚುವಾಗ ಬೆರಳುಗಳು ಸಂದಿನಲ್ಲಿ ಸಿಕ್ಕುವ ಭಯ. ಚಿಕ್ಕ ಮಕ್ಕಳ ಕೈಗೆ ಈ ಕೆಲಸವನ್ನು ಕೊಡಬಾರದು.

ಕೊನೆಗೆ ಲಾಭದ ಲೆಕ್ಕ. ತೆರೆದಾಗ ರ‍್ಯಾಕು ಗೋಡೆಯಿಂದ 35 ಸೆಂಟಿಮೀಟರು ಮುಂದೆ ಬರುತ್ತದೆ, ಮಡಚಿದಾಗ 8. ಉಳಿದ ನೆಲ 75ಕ್ಕೆ 27, ಅಂದರೆ ಎರಡು ಚದರ ಅಡಿಗೆ ತುಸು ಹೆಚ್ಚು. ಇಷ್ಟೇ ಲಾಭಕ್ಕಾಗಿ ಇಷ್ಟು ಶ್ರಮವೆ ಎಂದು ದೊಡ್ಡ ಮನೆಯಲ್ಲಿರುವವರು ಕೇಳಬಹುದು. ಆ ರ‍್ಯಾಕು ನಿಂತಿರುವುದು ಅಜ್ಜಿಯ ಹಾಸಿಗೆಯ ಕಾಲ್ದೆಸೆಯಲ್ಲಿ. ತೆರೆದೇ ಇದ್ದರೆ ಅವಳು ಮೊಣಕಾಲು ಮಡಚಿಕೊಂಡು ಮಲಗಬೇಕು. ಈಗ ರ‍್ಯಾಕು ಮಡಚಿಕೊಳ್ಳುತ್ತದೆ; ಅಜ್ಜಿ ಕಾಲು ಚಾಚಿ ಮಲಗುತ್ತಾಳೆ.